ತೊಡೆಯೊಳಗಿನ ಕಬ್ಬಿಣ

ಮೊದಲೆಲ್ಲ ನಮ್ಮ ಕಡೆ ಎಲುಬು ಮುರಿಯುವುದಕ್ಕೂ ಒಂದು ರೀತಿ ಇತ್ತು. ಹುಣಸೆ ಮರ ಹತ್ತಿದವನು ಬಿದ್ದು ಕೈ ಮುರಿದುಕೊಳ್ಳುತ್ತಿದ್ದ, ಗಾಡಿ ಹೊಡೆಯುವವನ ಪಾದದ ಮೇಲೆ ಚಕ್ರ ಹಾಯುತ್ತಿತ್ತು. ನಾಟಿ ವೈದ್ಯ ಮೂಡಲಗಿರಿಯಪ್ಪ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಸವರಿ ಪಟ್ಟು ಕಟ್ಟಿದರೆ ಮುಗಿಯಿತು. ಕೂಡಿದರೆ ಕೂಡಿತು, ಸೊಟ್ಟಗಾದರೆ ಸೊಟ್ಟಗಾಯಿತು. ಆಮೇಲೆ ಡಾಂಬರು ರಸ್ತೆ ಬಂತು, ಟೆಂಪೊ, ಟ್ರ್ಯಾಕ್ಸ್ ಬಂದವು. ದೊಡ್ಡ ಉಪಕಾರವೇ ಆಯಿತು ಬಿಡಿ, ಕೈಕಾಲು ಬಿಟ್ಟು ತೊಡೆ, ಸೊಂಟ ಮುರಿಯತೊಡಗಿದವು. ಬಳ್ಳಾರಿಯ ಮೂಳೆ ವಾರ್ಡಿನಲ್ಲಿ ಮಂಚ ಸಿಕ್ಕದೆ ನಮ್ಮ ಜನ ನೆಲದ ಮೇಲೆ ಮಲಗುತ್ತಿದ್ದರು.

ರಾಂಪುರದ ಹತ್ತಿರದ ಹಟ್ಟಿಯ ಕೊಲ್ಲಾಪುರಮ್ಮ ಅಂಥದೊಂದು ಟೆಂಪೊದಲ್ಲಿದ್ದಳು. ಶೇಂಗಾ ಕೀಳಲು ಕೂತಳೆಂದರೆ ಇಬ್ಬರು ಗಂಡಸರ ಸಾಲು ಹಿಂದೆ ಹಾಕುವ ಹೆಂಗಸು. ತೊಂಬತ್ತೆಂಟರ ಸುಗ್ಗಿಯಲ್ಲಿ ಕೂಲಿಗೆಂದು ಕುರಿ ತುಂಬಿದ ಹಾಗೆ ಜನ ತುಂಬಿಕೊಂಡು ಹೊರಟ ಗಾಡಿ ತಿರುವಿನಲ್ಲಿ ಮಗುಚಿತು. ಗಂಡ ಹುಲಿಯಪ್ಪ ಅಲ್ಲೇ ಹೋದ. ಇವಳ ಎಡತೊಡೆ ಎರಡು ತುಂಡಾಯಿತು. ಎಚ್ಚರವಾದಾಗ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ತೊಡೆಯೆಲುಬಿನೊಳಗೆ ಉದ್ದಕ್ಕೂ ಕಬ್ಬಿಣದ ರಾಡು ಹಾಕಿದ್ದರು. ಅಷ್ಟರಲ್ಲಿ ಹುಲಿಯಪ್ಪನನ್ನು ಮಣ್ಣು ಮಾಡಿಯಾಗಿತ್ತು. ಅವಳು ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಬೆಳಿಗ್ಗೆ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ ಮನುಷ್ಯ ಇಲ್ಲವೇ ಇಲ್ಲ ಅಂದರೆ ಅವಳ ಜೀವ ಹೇಗೆ ಒಪ್ಪೀತು? ಒಂದೇ ಒಂದು ಸಲ ಬಂದು ಹೋಗಲಿ, ಅಷ್ಟೇ ಸಾಕು ಅಂತ ಹಾಸಿಗೆಯಲ್ಲಿ ಬೇಡಿಕೊಳ್ಳುತ್ತಿದ್ದಳು.

ಅತ್ತೆ ಪಾಪಕ್ಕ ಹಠಮಾರಿ. ಸೊಸೆ ಬರದೆ ಮಗನ ದಿವಸ ಮಾಡುವುದಿಲ್ಲ ಅಂತ ಕೂತಳು. ಕೊಲ್ಲಾಪುರಮ್ಮನನ್ನು ಎತ್ತಿಕೊಂಡು ತಂದ ಮೇಲೆಯೇ ಎಡೆ ಇಟ್ಟರು. ಆ ಹಟ್ಟಿಯ ಪದ್ಧತಿ ಹೀಗೆ. ಸಂಜೆ ಕುಡುಗೋಲು, ಗುದ್ದಲಿ, ಈಳಿಗೆ ಮಣೆ, ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ಹಿತ್ತಲಿಗೆ ಹಾಕಿ, ನಡುಮನೆಗೆ ಬೂದಿ ಹರಡಿ, ಎಡೆ ಇಟ್ಟು ಕದ ಮುಚ್ಚುತ್ತಾರೆ. ಸತ್ತವರು ಒಳಗೆ ಬಂದು ಉಂಡು ಹೋಗುತ್ತಾರೆ. ಬೆಳಿಗ್ಗೆ ಬೂದಿಯಲ್ಲಿ ಹೆಜ್ಜೆ ಕಂಡರೆ ಮನೆಯವರಿಗೆ ಸಮಾಧಾನ. ಎಲ್ಲರ ಮನೆಯಲ್ಲೂ ಏನಾದರೊಂದು ಗುರುತು ಕಾಣುತ್ತದೆ, ಇಲಿಯದೋ ಬೆಕ್ಕಿನದೋ ಅಂತ ಕೆದಕುವ ದುರ್ಬುದ್ಧಿ ಯಾರಿಗೂ ಇಲ್ಲ. ಹುಲಿಯಪ್ಪನ ಮನೆಯ ಬೂದಿ ಮಾತ್ರ ಹರಡಿದ ಹಾಗೇ ಇತ್ತು.

ಪಾಪಕ್ಕ ಬೂದಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯ ತೊಡೆಯ ಕಡೆ ತಿರುಗಿದಳು.

"ಬಾಣಂತಿ ತಲೆದೆಸೆಗೆ ಕುಡುಗೋಲು ಯಾಕಿಕ್ತಾರೆ? ಸತ್ತೋರು ಹತ್ರ ಸುಳೀಬಾರ್ದು ಅಂತ. ನೀನು ಮೈಯಾಗೇ ಕಬ್ಬಿಣ ಇಕ್ಕಂಡು ಬಂದೀಯ. ನನ್ ಮಗ ಹೆಂಗೆ ಒಳಗೆ ಬಂದಾನು? ಬಾಗ್ಲಾಗೇ ನಿಂತವ್ನೆ ಕಣೇ."

"ನಾನೇನು ಕೇಳಿ ಹಾಕಿಸ್ಕಂಡ್ನಾ ಅತ್ತೆ?"

"ಬಿದಿರು ದಬ್ಬೆ ಕಟ್ಟಿಸಿದ್ರೆ ಬರ್ತಿದ್ದ," ಅಂದಳು ಪಾಪಕ್ಕ. ಅವಳದು ಸಿಟ್ಟಲ್ಲ, ಹೆತ್ತ ಹೊಟ್ಟೆಯ ಸಂಕಟ. ಅದೇ ಟೆಂಪೊದಲ್ಲಿದ್ದ ಬೋರಣ್ಣ ದಬ್ಬೆಯನ್ನೇ ಕಟ್ಟಿಸಿಕೊಂಡಿದ್ದ. ಅವನ ಕಾಲು ಮೂರು ಬೆರಳು ಗಿಡ್ಡವಾಗಿ ಕೂಡಿತ್ತು. ಆದರೆ ಸತ್ತ ಅವ್ವ ಬಂದು ತಲೆ ಸವರಿ ಹೋದಳೆಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಕೇಳಿ ಕೊಲ್ಲಾಪುರಮ್ಮನಿಗೆ ಹೊಟ್ಟೆಕಿಚ್ಚಾಯಿತು.

ಅಂದಿನಿಂದ ಪಾಪಕ್ಕ ಚಾಪೆಯನ್ನು ಜಗಲಿಗೆ ಹಾಕಿಕೊಂಡಳು, ಹೊರಗೆ ಮಗನೊಬ್ಬನೇ ಆಗುತ್ತಾನೆ ಅಂತ. ಒಳಗೆ ದೀಪ ಹಚ್ಚುವ ಹೊತ್ತಿಗೆ ಕೊಲ್ಲಾಪುರಮ್ಮನ ಮೂಗಿಗೆ ಬೀಡಿಯ ವಾಸನೆ ಬಡಿಯುತ್ತಿತ್ತು. ಹೊಸಿಲಿನಾಚೆ ಯಾರೋ ನಿಂತು ನಿಂತು ಕಾಲು ಬದಲಿಸಿದ ಹಾಗೆ ಕೇಳುತ್ತಿತ್ತು. ಎಡಗಾಲನ್ನು ಮೂಲೆಗೆ ಸರಿಸಿ, ಬಾಗಿಲಿಗೆ ದಾರಿ ಬಿಟ್ಟು, "ಬರ್ರಿ, ಈಗ ಬರ್ರಿ" ಅನ್ನುತ್ತಿದ್ದಳು. ಚಳಿಗಾಲದಲ್ಲಿ ರಾಡು ಒಳಗಿನಿಂದಲೇ ತಣ್ಣಗೆ ಕೊರೆಯುತ್ತಿತ್ತು. ಗಂಡನನ್ನು ಆಚೆ ನಿಲ್ಲಿಸಿ ಕದ ಹಾಕಿಕೊಂಡವಳು ತಾನೇ ಅಂತ ತನ್ನ ಕಾಲನ್ನು ತಾನೇ ಬೈಯುತ್ತಿದ್ದಳು.

ಎರಡು ವರ್ಷ ಕಳೆದು ಬಳ್ಳಾರಿಗೆ ಹೋದಳು. ಡಾಕ್ಟರು ಫೋಟೊ ನೋಡಿ, "ಎಲುಬು ಚೆನ್ನಾಗಿ ಕೂಡಿದೆಯಮ್ಮ. ನೋವಿಲ್ಲದಿದ್ರೆ ರಾಡು ಒಳಗೇ ಇರ್ಲಿ. ತೆಗೆದ್ರೆ ಮತ್ತೆ ಮುರಿಯೋ ಭಯ ಇರುತ್ತೆ," ಅಂದರು.

"ನೋವೈತೆ ಸಾರ್," ಅಂದಳು. ಎಲ್ಲಿ ಅಂತ ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ತೆಗೆದ ಮೇಲೆ ಎಚ್ಚರವಾದೊಡನೆ ಅವಳು ಕೇಳಿದ್ದು ಒಂದೇ, ಚೂರಾದರೂ ಉಳಿದಿದೆಯೇ ಅಂತ. ಏನೇನೂ ಉಳಿದಿಲ್ಲ ಅಂತ ಡಾಕ್ಟರು ಹೊಸ ಫೋಟೊ ಹಿಡಿದು ತೋರಿಸಿದರು.

ಕೋಲೂರಿಕೊಂಡು ಊರಿಗೆ ಬಂದಾಗ ಹಿರಿಯರಿಗೆಲ್ಲ ಎಡೆ ಇಡುವ ಮಾಲಯ ಅಮಾವಾಸ್ಯೆ ಹತ್ತಿರವಿತ್ತು. ಪಾಪಕ್ಕನಿಗೆ ಆ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಹಬ್ಬದ ಸಂಜೆ ಕೈಯಾಡಿಸಿಕೊಂಡು ತಾನೇ ಬೂದಿ ಹರಡಿದಳು. ಬೆಳಕು ಹರಿಯುವಾಗ ಕೊಲ್ಲಾಪುರಮ್ಮ ಮೊದಲೆದ್ದು ಕದ ತೆರೆದಳು.

ಬೂದಿ ನುಣ್ಣಗಿತ್ತು. ಆ ದರಿದ್ರದ ಮನೆಗೆ ಒಂದು ಇಲಿಯೂ ಬಂದಿರಲಿಲ್ಲ.

ಇಷ್ಟು ದಿನ ಅವನು ಬರಲಾರದೆ ಹೊರಗೆ ನಿಂತಿದ್ದ. ಈಗ ತಡೆಯುವ ಕಬ್ಬಿಣವೂ ಇಲ್ಲ, ಅವನೂ ಇಲ್ಲ. ಜಗಲಿಯಲ್ಲಿ ಪಾಪಕ್ಕ ಕೆಮ್ಮಿದಳು. ಇದನ್ನು ಆ ಮುದುಕಿಗೆ ಹೇಳುವುದು ಹೇಗೆ? ಕೊಲ್ಲಾಪುರಮ್ಮ ಕೋಲು ಬದಿಗಿಟ್ಟು, ಹಲ್ಲು ಕಚ್ಚಿ, ಬಾಗಿಲಿನಿಂದ ಎಡೆಯ ತನಕ ಬೂದಿಯ ಮೇಲೆ ನಡೆದಳು. ಎಡೆಯ ಮುದ್ದೆ ಮುರಿದು ಒಂದು ತುತ್ತು ನುಂಗಿದಳು. ಗೋಡೆಗುಂಟ ಹಿಂದೆ ಸರಿಯುತ್ತ, ಗಂಡಸಿನ ಪಾದದಷ್ಟಾಗಲಿ ಅಂತ ಒಂದೊಂದು ಹೆಜ್ಜೆಯನ್ನೂ ಬೆರಳಿನಿಂದ ಅಗಲ ಮಾಡಿದಳು.

"ಅತ್ತೆ, ಬಂದು ನೋಡು."

ಪಾಪಕ್ಕ ಕುಕ್ಕುರುಗಾಲಲ್ಲಿ ಕೂತು ಹೆಜ್ಜೆಗಳನ್ನು ಮೆಲ್ಲಗೆ ಮುಟ್ಟಿದಳು. ಮುದುಕಿಯ ಮುಖ ಅರಳಿತು. "ಬಂದವ್ನೆ ಕಣೇ. ಉಂಡವ್ನೆ." ಮುಂದಿನ ಹೆಜ್ಜೆ ಮುಟ್ಟಿದಳು, ಅದರ ಮುಂದಿನದನ್ನೂ ಮುಟ್ಟಿದಳು. ಕೈ ನಿಂತಿತು. ಮತ್ತೆ ಬಾಗಿಲ ಹತ್ತಿರದಿಂದ ಒಂದೊಂದೇ ಮುಟ್ಟುತ್ತ ಬಂದಳು.

"ಬಲಗಾಲು ಊರ್ಯವ್ನೆ. ಎಡಗಾಲಿಂದು ಬೆರಳಷ್ಟೇ ತಾಕೈತೆ." ತಲೆ ಎತ್ತಿದಳು. "ಕುಂಟ್ತಾ ಅವ್ನಲ್ಲೇ ನನ್ ಮಗ. ಅವಂದೂ ಕಾಲು ಮುರ್ದಿತ್ತಾ?"

ಕೊಲ್ಲಾಪುರಮ್ಮ ತನ್ನ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ತಲೆ ಒಡೆದೈತೆ ಅಂತ ಅಷ್ಟೇ ನೋಡಿದ್ವಿ. ಕಾಲು ಯಾರೂ ನೋಡ್ಲಿಲ್ಲ. ಮುರಿದ ಕಾಲ್ನಾಗೇ ಕಳ್ಸಿಬಿಟ್ವಲ್ಲೇ. ನಾ ಕೊಡುಕಾ, ನಾ ಕೊಡುಕಾ." ರಾಯದುರ್ಗದ ಕಡೆಯ ತವರಿನ ಪಾಪಕ್ಕನಿಗೆ ದುಃಖ ಬಂದರೆ ತೆಲುಗೇ ಬಾಯಿಗೆ ಬರುವುದು. ಮಗನೇ, ಮಗನೇ ಅಂತ ಬೂದಿಯ ಕೈಯಲ್ಲೇ ಎದೆ ಬಡಿದುಕೊಂಡಳು. ಅವು ನನ್ನ ಹೆಜ್ಜೆ ಅತ್ತೆ ಅನ್ನಲು ಬಾಯಿ ತೆರೆದ ಕೊಲ್ಲಾಪುರಮ್ಮ, ಮುದುಕಿಯ ಕೈ ಹಿಡಿದು ಸೆರಗಿನಿಂದ ಬೂದಿ ಒರೆಸಿದಳು.

ಆ ಸಂಜೆಯೇ ಪಾಪಕ್ಕ ಹರಳೆಣ್ಣೆ ಕಾಸಿ, ಬಟ್ಟಲಲ್ಲಿ ಹೊಸಿಲ ಮೇಲೆ ಇಟ್ಟಳು. "ಹಚ್ಕಳಪ್ಪ, ಕಾಲಿಗೆ," ಅಂದಳು. ಬೆಳಿಗ್ಗೆ ಎಣ್ಣೆ ಇಟ್ಟ ಹಾಗೇ ಇತ್ತು. ಮುದುಕಿ ಅಂದು ಅನ್ನ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ. ಮಾರನೆಯ ದಿನದಿಂದ ಕೊಲ್ಲಾಪುರಮ್ಮ ಬೆಳಕು ಹರಿಯುವ ಮುಂಚೆ ಹೊಸಿಲಲ್ಲಿ ಕೂತು, ಆ ಎಣ್ಣೆಯನ್ನು ತನ್ನ ಎಡತೊಡೆಯ ಹೊಲಿಗೆಯ ಗಾಯಕ್ಕೆ ತಿಕ್ಕತೊಡಗಿದಳು. ಪಾಪಕ್ಕ ಸಾಯುವ ತನಕ ಅದೇ ನಡೆಯಿತು.

ಮುದುಕಿ ಎದ್ದು ಬಟ್ಟಲೊಳಗೆ ಬೆರಳಾಡಿಸಿ ದಿನಾ ಕೇಳುವಳು, "ನೋವು ಕಡಿಮಿ ಆಗಿರ್ಬೋದೇನೇ ಅವನ್ಗೆ?"

"ಆಗೈತೆ ಅತ್ತೆ," ಅನ್ನುವಳು ಸೊಸೆ.