ಖತೀಫಿನ ಪೆನಾಲ್ಟಿ

ಎಂಬತ್ತರ ದಶಕದಲ್ಲಿ ಸೌದಿಯ ದಮ್ಮಾಮ್‌ನ ನಮ್ಮ ರೂಮಿನಲ್ಲಿದ್ದ ಕಾಪುವಿನ ಎಲೆಕ್ಟ್ರಿಷಿಯನ್‌ಗೆ ಒಂದೇ ಹುಚ್ಚು, ಶುಕ್ರವಾರ ಹಳ್ಳಿಗಳ ಫುಟ್ಬಾಲ್ ಮೈದಾನ ಹುಡುಕಿ ಹೋಗುವುದು. "ಸ್ವಲ್ಪ ನೋಡಿ ಹೋಗುವ ಮಾರಾಯ" ಎನ್ನುತ್ತ ಪಿಕಪ್ ನಿಲ್ಲಿಸಿದರೆ ಕಡೆಯವರೆಗೂ ಏಳುತ್ತಿರಲಿಲ್ಲ. ಯಾರ ಪರವೂ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಒಮ್ಮೆ ಖತೀಫಿನ ಹತ್ತಿರದ ಒಂದು ಹಳ್ಳಿಯಲ್ಲಿ ಪಕ್ಕದ ಊರಿನವರೊಂದಿಗೆ ಪಂದ್ಯವಿತ್ತು, ಆದರೆ ರೆಫರಿ ಬರಲಿಲ್ಲ. ಎರಡೂ ಊರಿಗೆ ಸೇರದವನೆಂದು ಇವನಿಗೇ ಸೀಟಿ ಕೊಟ್ಟರು. ಆಟ ಸಮವಾಗಿತ್ತು. ಕೊನೆಯ ಗಳಿಗೆಯಲ್ಲಿ ಗೋಲಿನೆದುರು ಆ ಹಳ್ಳಿಯದೇ ಆಟಗಾರನ ಕೈಗೆ ಚೆಂಡು ತಾಗಿತು. ಇವನು ಸೀಟಿ ಊದಿ, ಬೆರಳು ತೋರಿಸಿ ಪೆನಾಲ್ಟಿ ಕೊಟ್ಟ. ಊರವರು ನುಗ್ಗಿ ಬಂದು ಸುತ್ತುವರಿದರು.

"ಇಲ್ಲ ಅಂತ ಹೇಳಿಬಿಡು ಮಾರಾಯ!" ಎಂದು ನಾನು ಮೈದಾನದ ಅಂಚಿನಿಂದ ಕೂಗಿದೆ.

ಅವನು ಬೆರಳು ಇಳಿಸಲಿಲ್ಲ. ಕಡೆಗೆ ಆ ಆಟಗಾರನೇ ಮುಂದೆ ಬಂದು, ತಾಗಿದ್ದು ನಿಜವೆಂದು ಕೈಯೆತ್ತಿದ. ಗುಂಪು ಸರಿಯಿತು. ಗೋಲಾಯಿತು, ಊರವರು ಸೋತರು.

ಪಿಕಪ್ ಬಳಿ ಬಂದಾಗ ಅವನು ನನಗೆ ಕೀಲಿ ಕೊಟ್ಟ.

"ನೀನೇ ಓಡಿಸು. ನನ್ನ ಕಾಲು ನಡುಗುತ್ತಿದೆ."