ಬ್ಲೌಸ್ ಪೀಸಿನ ಕವರಿನಲ್ಲಿ ಬಂದ ಮಾತ್ರೆ

ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಬೆಕ್ಕೂ ದಾಟುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದವನು ನಾನು. ಎದುರುಮನೆ ಓನರ ಗೇಟಿಗೆ ಸುಮ್ಮನೆ ಟು-ಲೆಟ್ ಬೋರ್ಡು ಕಟ್ಟಿ, ಮೂರು ದಿನ ಅವನ ಫೋನು ಬಡಿದುಕೊಳ್ಳುವಂತೆ ಮಾಡಿದವನೂ ನಾನೇ.

ಅವನ ಮಹಡಿಯ ರೂಮಿನಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳು ಬ್ಲೌಸು ಹೊಲಿದುಕೊಂಡು ಬಾಡಿಗೆಗಿದ್ದಳು. ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ವಾರವಾರವೂ ಬ್ಲೌಸ್ ಪೀಸಿನ ಕವರು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಗೇಟಿನಲ್ಲೇ ಅಡ್ಡ ನಿಂತೆ.

"ಏನಮ್ಮಾ, ವಾರಕ್ಕೊಂದು ಬ್ಲೌಸು! ಬಣ್ಣ ಆದ್ರೂ ತೋರ್ಸು."

"ಬಿಡಿ ಅಂಕಲ್, ಕೆಲ್ಸ ಇದೆ."

ಎಳೆದೆ. ಕವರು ಹರಿಯಿತು. ಗಿಡಕ್ಕೆ ನೀರು ಹಾಕುತ್ತಿದ್ದ ಓನರ ಕಾಲ ಬುಡಕ್ಕೇ ಮಾತ್ರೆಯ ಪಟ್ಟಿಗಳು ಬಿದ್ದವು. ಬೀದಿಗೆ ತಿಳಿಯದಿರಲೆಂದು ಮಹಡಿಯ ಹೆಂಗಸೇ ಹೂಡಿದ್ದ ಉಪಾಯವದು. ಓನರ ತಮ್ಮ ಇದೇ ಮಾತ್ರೆ ನುಂಗಿ ಗುಣವಾದವನು. ಹಾಗಾಗಿ ಓನರು ನೋಡಿದ ಕೂಡಲೇ ಗುರುತು ಹಿಡಿದ.

"ಟೀಬಿನಾ? ನಮ್ಮನೇಲಾ? ಈ ತಿಂಗಳೇ ಖಾಲಿ ಮಾಡ್ಲಿ."

"ಸಾರ್, ಎರಡು ತಿಂಗ್ಳಿಂದ ತಗೊಳ್ತಾ ಇದಾರೆ, ಈಗ ಟೆಸ್ಟಲ್ಲಿ ಏನೂ ಕಾಣ್ತಿಲ್ಲ. ಅವರಿಂದ ನಿಮಗೆ ಹರಡಲ್ಲ," ಎಂದಳು ಆಶಾ. "ಇನ್ನೂ ನಾಲ್ಕು ತಿಂಗ್ಳು ಬಿಡದೆ ನುಂಗ್ಬೇಕು. ಮನೆ ಹುಡುಕ್ತಾ ಅಲೆದು ಮಾತ್ರೆ ತಪ್ಪಿದ್ರೆ ಮತ್ತೆ ಬರುತ್ತೆ, ಆಮೇಲೆ ವಾಸಿ ಮಾಡೋದು ಕಷ್ಟ."

"ಅದೆಲ್ಲಾ ನಂಗೆ ಬೇಡ."

ನನಗೆ ಮೈಯುರಿಯಿತು. "ನಿನ್ನ ತಮ್ಮ ಇದೇ ಮನೇಲಿ ನುಂಗ್ದಾಗ ಅವನ್ನ ಬೀದಿಗೆ ಹಾಕಿದ್ಯೇನೋ?"

"ಅವನು ನಮ್ಮೋನು ಕಣೋ."

ಮೂವತ್ತು ವರ್ಷ ಇವನ ಜೊತೆ ಬೈಟು ಕಾಫಿ ಕುಡಿದಿದ್ದೇನೆ. ಆ ಬಾಯಿಗೆ ಬಾರಿಸಬೇಕೆನ್ನಿಸಿತು. ಆದರೆ ಕವರು ಹರಿದ ಕೈ ನನ್ನದು.

ಮಹಡಿಯಿಂದ ಅವಳು ಎಲ್ಲ ಕೇಳಿಸಿಕೊಂಡಿದ್ದಳು. "ನಾ ನಿಮಗೇನ್ ಮಾಡಿದ್ದೆ ರೀ, ಅಜ್ಜಾರ?" ಎಂದು ನನ್ನನ್ನೇ ಕೇಳಿದಳು.

ಅವಳಿಗೆ ಹೇರೋಹಳ್ಳಿಯಲ್ಲಿ ರೂಮು ಸಿಕ್ಕಿತು. ಆ ಕಡೆಯ ಆಸ್ಪತ್ರೆಗೆ ಅವಳ ಕಾಗದಪತ್ರ ಹೋಗಿ ಸೇರುವವರೆಗೆ ನಮ್ಮ ಆಶಾಳೇ ಮಾತ್ರೆ ಮುಟ್ಟಿಸಬೇಕು. ನನ್ನ ಸ್ಕೂಟರಿನಲ್ಲಿ ಕರೆದೊಯ್ಯುತ್ತೇನೆ ಎಂದು ಆಶಾಳಿಗೆ ಹೇಳಿದೆ.

"ಬಾಯ್ ಮುಚ್ಕೊಂಡಿರೋದಾದ್ರೆ ಬರ್ತೀನಿ," ಎಂದಳು.

ಗುಂಡಿ ಹಾರಿಸಿಕೊಂಡು ಹೋಗುತ್ತೇವೆ. ಆ ರೂಮಿರುವ ಬೀದಿಯ ತುದಿಯಿಂದ ಮುಂದಕ್ಕೆ ನಾನು ಹೋಗುವಂತಿಲ್ಲ. ಅದು ಆ ಹೆಂಗಸಿನ ಷರತ್ತು. ಹೊಸ ಓನರಿಗೂ ಅವಳು ಹೇಳಿಲ್ಲ. ಯಾಕೆ ಹೇಳಬೇಕು?

"ಯಾರ್ ಮನೆಗೆ ಸಾರ್ ಬಂದಿದ್ದು?" ಎಂದು ಬೀದಿ ತುದಿಯ ಅಂಗಡಿಯವನು ಕೆದಕುತ್ತಾನೆ. ನನ್ನ ನಾಲಿಗೆಯ ತುದಿಗೆ ಹತ್ತು ತಮಾಷೆ ಬರುತ್ತವೆ.

"ನಿಂಗ್ಯಾಕಯ್ಯಾ?" ಎಂದು ರೇಗಿ, ಬೆನ್ನು ತಿರುಗಿಸಿ ನಿಲ್ಲುತ್ತೇನೆ.