ಆರು ಲಕೋಟೆ, ಒಂದು ಸುರುಳಿ

ಪತ್ರದ್ದೇನೂ ತಕರಾರಿಲ್ಲ. ತಕರಾರೆಲ್ಲ ಪತ್ರದ ಜೊತೆ ಲಗತ್ತಿಸಿದ್ದರದ್ದು.

"ಇದು ಟಪಾಲ ಚೀಲದಾಗ ಹಿಡಿಯಂಗಿಲ್ರಿ," ಎಂದರು ಹಾನಗಲ್ಲಿನ ಅಂಚೆ ಗುಮಾಸ್ತರು. "ತುಂಡ ಮಾಡಿ ಕೊಡ್ರಿ."

'ಇದು' ಎಂದರೆ ಅಬಲೂರಿನ ಶಾಸನದ ಪಡಿಯಚ್ಚು. (ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು, ಮಸಿ ಒತ್ತಿ ತೆಗೆಯುತ್ತಾರಲ್ಲ, ಅದು.) ಆಳುದ್ದದ ಹಾಳೆ. ಧಾರವಾಡದ ಪ್ರೊಫೆಸರರೊಬ್ಬರು ಕೇಳಿದ್ದರು. ಚೆನ್ನಾಗಿ ಬಂದ ಪಡಿಯಚ್ಚು ಅವರ ಪುಸ್ತಕದಲ್ಲಿ ಅಚ್ಚಾಗುವುದಿತ್ತು, ತೆಗೆದವರ ಹೆಸರಿನೊಂದಿಗೆ.

ತೆಗೆದವರು ಇಬ್ಬರು. ನಾನು, ಮತ್ತು ಹಿರೇಕೆರೂರಿನ ಬಸಪ್ಪ ಮಾಸ್ತರರು. ಅದೇ ಕಲ್ಲು, ಅದೇ ಮಸಿ. ಆದರೆ ಅವರ ಹಾಳೆಯಲ್ಲಿ ಒಂದೊಂದು ಅಕ್ಷರವೂ ಎದ್ದು ನಿಂತಿತ್ತು. ನನ್ನದರಲ್ಲಿ ಅರ್ಧ ಸಾಲು ಮಂಕು. ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

ನಾನು ಕತ್ತರಿ ತಂದು ಆರು ತುಂಡು ಮಾಡಿದೆ. ಹಿಂದೆ ನಂಬರು ಬರೆದು ಆರು ಲಕೋಟೆಗಳಲ್ಲಿ ಹಾಕಿದೆ. ಮಾಸ್ತರರು ಒಪ್ಪಲಿಲ್ಲ.

"ಕಲ್ಲ ಒಡದಿಲ್ಲ, ಕಾಗದ ಯಾಕ ಹರೀಬೇಕ್ರಿ? ನಾ ಬಸ್ಸಿಗೆ ಕೊಡ್ತೇನಿ."

ಹಾಳೆಯನ್ನು ಸುರುಳಿ ಸುತ್ತಿ, ಚಾಪೆಯೊಳಗಿಟ್ಟು ಕಟ್ಟಿದರು. ಬಸ್ ಸ್ಟ್ಯಾಂಡಿಗೆ ಹೋದರೆ ಮೊದಲು ಬಂದದ್ದು ಹಿರೇಕೆರೂರಿನ ಬಸ್ಸು.

"ಧಾರವಾಡ ಗಾಡಿ ಬಂದ್ರ ನೀವ ಕೊಟ್ಟಬಿಡ್ರಿ. ಸೀಟಿನ ಬಾಜೂ ಇಟ್ಗೋ ಅಂತ ಕಂಡಕ್ಟರ್‌ಗೆ ಹೇಳ್ರಿ," ಎಂದು ಹತ್ತಿ ಹೋದರು.

ಧಾರವಾಡದ್ದೂ ಬಂತು. ಕಂಡಕ್ಟರ್ ಚಾಪೆ ನೋಡಿ, "ಟಾಪ್ ಮ್ಯಾಲ ಹಾಕಲೇನ್ರಿ?" ಎಂದ. ಬಸ್ಸು ಹೋಗುವ ಶಿಗ್ಗಾವಿಯ ಕಡೆ ಮೋಡ ಕಪ್ಪಗೆ ಕವಿದಿತ್ತು. ಬೇಡ ಎನ್ನಲು ಎಷ್ಟು ಹೊತ್ತು ಬೇಕು?

"ಹೂಂ" ಎಂದೆ.

ಅವರ ಹಾಳೆ ನೆನೆದು ಮಸಿಯೆಲ್ಲ ಕಲೆಸಿಹೋಗಿತ್ತಂತೆ. ನನ್ನ ಆರೂ ಲಕೋಟೆ ಮುಟ್ಟಿದವು. ಪುಸ್ತಕದಲ್ಲಿ ನನ್ನ ಹೆಸರು ಬಂತು.

ಮೊನ್ನೆ ಮಾಸ್ತರರು ಆ ಪುಸ್ತಕ ಹಿಡಿದು ಮನೆಗೇ ಬಂದರು. ಮುಖದಲ್ಲಿ ಒಂದಿಷ್ಟು ಕಸಿವಿಸಿಯಾದರೂ ಇರಬಾರದೇ?

"ತುಂಡ ಮಾಡಿ ನಂಬರ್ ಹಾಕಿದ್ರಿ ನೋಡ್ರಿ, ಶಾಣ್ಯಾರು ನೀವು. ನೀವೂ ನನ್ನಂಗ ಹಟ ಹಿಡಿದಿದ್ರ ಪುಸ್ತಕದಾಗ ಆ ಶಾಸನನ ಇರತಿರಲಿಲ್ಲ," ಎಂದರು. ಚಹಾ ಕುಡಿದು ಹೋದರು.

ಈಗ ನನ್ನ ಹೊಟ್ಟೆಕಿಚ್ಚು ದುಪ್ಪಟ್ಟಾಗಿದೆ. ಮೊದಲು ಅವರ ಕೈಯನ್ನು ಕಂಡು ಕರುಬುತ್ತಿದ್ದೆ. ಈಗ ಮನಸ್ಸನ್ನು ಕಂಡು. (ಇಷ್ಟು ಒಳ್ಳೆಯವರಾಗಿರಿ ಎಂದು ಇವರಿಗೆ ಹೇಳಿದವರಾದರೂ ಯಾರು?)

ಈ ಅಂಕಣವನ್ನು ಮಾಸ್ತರರು ಒಂದು ವಾರವೂ ಬಿಡದೆ ಓದುತ್ತಾರೆ. ನೀವೇ ಹೇಳಿ, ಈ ಹಾಳೆಗಳನ್ನು ಸಂಪಾದಕರಿಗೆ ಅಂಚೆಯಲ್ಲಿ ಕಳಿಸಲೋ, ಇಲ್ಲ ಬಸ್ಸಿನ ಟಾಪ್ ಮೇಲೆ ಹಾಕಿಸಲೋ?